ಒಂದು ವಿಮಾನಕ್ಕೆ ಎಷ್ಟು ಗುಂಡು?

ಸಿನಿಮಾದ ಯುದ್ಧದಲ್ಲಿ ವಿಮಾನ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಾಯಕ ಗುರಿ ಹಿಡಿಯುತ್ತಾನೆ, ಗುಂಡಿ ಒತ್ತುತ್ತಾನೆ, ಎದುರಿನ ವಿಮಾನದ ಬಾಲದಿಂದ ಹೊಗೆ ಏಳುತ್ತದೆ. ಮದ್ದುಗುಂಡಿನ ಖರ್ಚು ಬರೆದಿಟ್ಟವರ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. 1940ರಲ್ಲಿ ಲಂಡನ್ ಮೇಲೆ ಜರ್ಮನ್ ಬಾಂಬ್ ದಾಳಿ ಶುರುವಾದ ಹೊತ್ತಿಗೆ, ಬ್ರಿಟನ್ನಿನ ವಿಮಾನ ನಿರೋಧಕ ತೋಪುಗಳು ಒಂದು ವಿಮಾನ ಉರುಳಿಸಲು ಸರಾಸರಿ 20,000 ಶೆಲ್ ಹಾರಿಸುತ್ತಿದ್ದವು. ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ 3.7 ಇಂಚಿನ ತೋಪಿನ ಒಂದು ಶೆಲ್ ಸುಮಾರು 12.7 ಕಿಲೋ ತೂಗುತ್ತಿತ್ತು. ಎಲ್ಲವನ್ನೂ ಕೂಡಿದರೆ 250 ಟನ್ ದಾಟುತ್ತದೆ. ಬಾಂಬು, ಇಂಧನ ತುಂಬಿಕೊಂಡ ಒಂದು ಹೈಂಕೆಲ್ ಬಾಂಬರ್‌ನ ತೂಕ ಅದರ ಇಪ್ಪತ್ತನೇ ಒಂದು ಭಾಗದ ಆಸುಪಾಸಿನಲ್ಲಿತ್ತು.

ತೋಪುಗಾರರಿಗೆ ಗುರಿಯೇ ಬರುತ್ತಿರಲಿಲ್ಲವೇ ಎಂಬ ಅನುಮಾನ ಸಹಜ. ಆದರೆ ಈ ಅಂಕಿ ಅವರ ಕೈಚಳಕದ ಬಗ್ಗೆ ಹೇಳುವುದು ಸ್ವಲ್ಪವೇ. ವಿಮಾನ ಎಲ್ಲಿದೆ, ಇನ್ನು ಕೆಲವು ಸೆಕೆಂಡುಗಳಲ್ಲಿ ಎಲ್ಲಿರುತ್ತದೆ ಎಂಬುದು ಅವರಿಗೆ ಎಷ್ಟು ಗೊತ್ತಿರಲಿಲ್ಲ ಎಂಬುದನ್ನು ಅದು ಹೆಚ್ಚಾಗಿ ಹೇಳುತ್ತದೆ. ಗೊತ್ತಿಲ್ಲದ್ದಕ್ಕೆಲ್ಲ ಸೇನೆ ಗುಂಡಿನ ರೂಪದಲ್ಲಿ ದಂಡ ಕಟ್ಟುತ್ತದೆ. ಎರಡನೇ ಮಹಾಯುದ್ಧದ ಆರು ವರ್ಷಗಳಲ್ಲಿ ಈ ದಂಡ ಏರಿದ್ದು, ಇಳಿದದ್ದು ಎಲ್ಲವೂ ಮಾಹಿತಿಯ ಏರಿಳಿತದ ಜೊತೆಯಲ್ಲೇ.

ಮೊದಲು ತೋಪಿನ ಕಷ್ಟ ನೋಡೋಣ. ಐದಾರು ಕಿಲೋಮೀಟರ್ ಎತ್ತರದಲ್ಲಿ, ತುಸು ದೂರದಲ್ಲಿ ಹಾರುವ ವಿಮಾನವನ್ನು ಶೆಲ್ ತಲುಪಲು ಹದಿನೈದು ಸೆಕೆಂಡಿನಷ್ಟು ಕಾಲ ಹಿಡಿಯುತ್ತಿತ್ತು. ಗಂಟೆಗೆ 300 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ ಒಂದೂಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ವಿಮಾನದತ್ತ ಗುರಿಯಿಟ್ಟು ಪ್ರಯೋಜನವಿಲ್ಲ. ಅದು ಬರಲಿರುವ ಖಾಲಿ ಆಕಾಶದತ್ತ ಗುರಿಯಿಡಬೇಕು. ವಿಮಾನದ ದೂರ, ದಿಕ್ಕು, ಎತ್ತರ ಮೂರೂ ಗೊತ್ತಿರಬೇಕು. ಪ್ರಿಡಿಕ್ಟರ್ ಎಂಬ ಲೆಕ್ಕದ ಯಂತ್ರ ಈ ಮೂರನ್ನೂ ಅರೆದು ಮುಂದಿನ ಜಾಗವನ್ನು ಹೇಳುತ್ತಿತ್ತು. ವಿಮಾನ ಅದೇ ವೇಗದಲ್ಲಿ, ಅದೇ ಎತ್ತರದಲ್ಲಿ, ನೇರವಾಗಿ ಹಾರುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಆ ಯಂತ್ರ ನಿಂತಿತ್ತು. ಪೈಲಟ್ ಸ್ವಲ್ಪ ಹೊರಳಿದರೂ ಲೆಕ್ಕ ತಲೆಕೆಳಗು.

ಜಾಗ ಸರಿಯಾಗಿ ಸಿಕ್ಕರೂ ಕೆಲಸ ಮುಗಿಯದು. ಅಷ್ಟು ದೂರದ ವಿಮಾನಕ್ಕೆ ಶೆಲ್ ನೇರವಾಗಿ ಬಡಿಯುವುದು ಅಪರೂಪ. ಅದು ಹತ್ತಿರದಲ್ಲಿ ಸಿಡಿದು ಚೂರುಗಳಿಂದ ಕೆಡವಬೇಕು. ಸಿಡಿಯುವ ಹೊತ್ತನ್ನು ನಿರ್ಧರಿಸುವುದು ಶೆಲ್ಲಿನ ಮೂತಿಯಲ್ಲಿರುವ ಫ್ಯೂಜ್. ತೋಪಿಗೆ ತುಂಬುವ ಮೊದಲೇ ಅದಕ್ಕೆ ಇಷ್ಟು ಸೆಕೆಂಡು ಎಂದು ಕೀಲಿ ಕೊಡಬೇಕಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೆ ಸಿಡಿತ ಮೂವತ್ತು ಮೀಟರ್ ಆಚೆಗೋ ಈಚೆಗೋ ಆಗುತ್ತದೆ. ಚೂರುಗಳು ವಿಮಾನಕ್ಕೆ ಮಾರಕವಾಗುವುದು ಮಾತ್ರ ಸುಮಾರು ಹತ್ತು ಮೀಟರ್ ಒಳಗೆ.

ಇಲ್ಲಿ ಸಣ್ಣದೊಂದು ಗಣಿತ ಮಾಡಿ ನೋಡಬಹುದು. ವಿಮಾನದ ಜಾಗದ ಅಂದಾಜಿನಲ್ಲಿ ಎಡಬಲ, ಮೇಲೆಕೆಳಗೆ, ಹಿಂದೆಮುಂದೆ ನೂರು ಮೀಟರ್ ತಪ್ಪು ಇರಬಹುದು ಎಂದುಕೊಳ್ಳಿ. ಆಗ ಹುಡುಕಬೇಕಾದ ಆಕಾಶವೆಂದರೆ 200 ಮೀಟರ್ ಬದಿಯ ಒಂದು ಘನ, ಅಂದರೆ 80 ಲಕ್ಷ ಘನ ಮೀಟರ್. ಹತ್ತು ಮೀಟರ್ ತ್ರಿಜ್ಯದ ಒಂದು ಸಿಡಿತ ಆವರಿಸುವುದು 4,200 ಘನ ಮೀಟರ್. ಆ ಘನವನ್ನು ಒಮ್ಮೆ ತುಂಬಲು ಸುಮಾರು 1,900 ಶೆಲ್ ಬೇಕು. ತಪ್ಪನ್ನು ಐವತ್ತು ಮೀಟರ್‌ಗೆ ಇಳಿಸಿದರೆ ಅಗತ್ಯ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ: ಸುಮಾರು 240. ಇದು ತೀರಾ ಸರಳ ಮಾಡಿದ ಲೆಕ್ಕ. ಆದರೂ ತೋಪುಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡುವುದಕ್ಕಿಂತ ಅಂದಾಜಿನ ತಪ್ಪನ್ನು ಅರ್ಧ ಮಾಡುವುದೇ ಯಾಕೆ ಲಾಭ ಎಂಬುದನ್ನು ಅದು ತೋರಿಸುತ್ತದೆ.

1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಈ ಲಾಭ ದಕ್ಕಿರಲಿಲ್ಲ. ಸೆಪ್ಟೆಂಬರ್ 7ರಂದು ನಗರದ ಮೇಲೆ ದೊಡ್ಡ ದಾಳಿ ಆರಂಭವಾದಾಗ ಅಲ್ಲಿದ್ದ ಭಾರೀ ತೋಪುಗಳು ನೂರಕ್ಕಿಂತ ಕಡಿಮೆ. ಎರಡೇ ದಿನಗಳಲ್ಲಿ ಬೇರೆಡೆಯಿಂದ ತರಿಸಿ ಸಂಖ್ಯೆಯನ್ನು ಇಮ್ಮಡಿ ಮಾಡಿದರು. ಆದರೆ ರಾತ್ರಿ ವಿಮಾನವೇ ಕಾಣುತ್ತಿರಲಿಲ್ಲ. ಸದ್ದು ಕೇಳಿ ಜಾಗ ಗುರುತಿಸುವ ಉಪಕರಣಗಳಿದ್ದವು. ಆ ಸದ್ದು ನೆಲಕ್ಕೆ ಬರುವಷ್ಟರಲ್ಲಿ ವಿಮಾನ ಎಷ್ಟೋ ಮುಂದೆ ಹೋಗಿರುತ್ತಿತ್ತು. ವಿಮಾನ ನಿರೋಧಕ ದಳದ ಮುಖ್ಯಸ್ಥ ಜನರಲ್ ಫ್ರೆಡರಿಕ್ ಪೈಲ್ ಕೊನೆಗೆ ಒಂದು ನಿರ್ಧಾರಕ್ಕೆ ಬಂದರು: ಗುರಿ ಇರಲಿ ಬಿಡಲಿ, ಪ್ರತಿ ತೋಪೂ ಹಾರಿಸಬೇಕು. ಸೆಪ್ಟೆಂಬರ್ ಎರಡನೇ ವಾರದ ಆ ಒಂದೇ ರಾತ್ರಿ 13,000ಕ್ಕೂ ಹೆಚ್ಚು ಶೆಲ್ ಆಕಾಶಕ್ಕೆ ಹೋದವು. ಬಿದ್ದ ವಿಮಾನಗಳು ತೀರಾ ಕಡಿಮೆ. ಸಿಡಿದ ಶೆಲ್‌ಗಳ ಚೂರುಗಳು ಮಾತ್ರ ನಗರದ ಮೇಲೇ ಉದುರಿದವು.

ಅಷ್ಟಾದರೂ ಮರುದಿನ ಲಂಡನ್ನಿನ ಜನಕ್ಕೆ ಎಲ್ಲಿಲ್ಲದ ಹುರುಪು. ನಮ್ಮವರೂ ತಿರುಗಿ ಹೊಡೆಯುತ್ತಿದ್ದಾರೆ ಎಂದು ನೆಲಮಾಳಿಗೆಯಲ್ಲಿ ಕುಳಿತವರಿಗೆ ಅನಿಸಿತು. ಜರ್ಮನ್ ಪೈಲಟ್‌ಗಳೂ ಇನ್ನಷ್ಟು ಎತ್ತರಕ್ಕೆ ಏರಿದರು. ಎತ್ತರ ಹೆಚ್ಚಿದಷ್ಟೂ ಬಾಂಬಿನ ಗುರಿ ಕೆಡುತ್ತದೆ. ಗುಂಡಿಗೆ ವಿಮಾನದ ಲೆಕ್ಕ ಹಾಕುವವರ ಪುಸ್ತಕದಲ್ಲಿ ಈ ಎರಡು ಲಾಭಗಳಿಗೂ ಕಾಲಂ ಇರಲಿಲ್ಲ.

ಅದೇ ಹೊತ್ತಿಗೆ ಪೈಲ್ ಅವರ ಸಲಹೆಗಾರನಾಗಿ ಒಬ್ಬ ಭೌತವಿಜ್ಞಾನಿ ಸೇರಿಕೊಂಡಿದ್ದರು. ಹೆಸರು ಪ್ಯಾಟ್ರಿಕ್ ಬ್ಲ್ಯಾಕೆಟ್. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು, ಆಮೇಲೆ ವಿಶ್ವಕಿರಣಗಳ ಸಂಶೋಧನೆಗೆ ಬಂದವರು. 1948ರಲ್ಲಿ ನೊಬೆಲ್ ಪಡೆದವರು. ಅವರು ಕಟ್ಟಿದ ಹನ್ನೊಂದು ಮಂದಿಯ ತಂಡದಲ್ಲಿ ಮೂವರು ಶರೀರಕ್ರಿಯಾ ವಿಜ್ಞಾನಿಗಳು, ಗಣಿತಜ್ಞರು, ಒಬ್ಬ ಖಗೋಳ ಭೌತವಿಜ್ಞಾನಿ, ಒಬ್ಬ ಸರ್ವೇಯರ್ ಇದ್ದರು, ಸೈನ್ಯದವರು ಒಬ್ಬರೇ. ಈ ವಿಚಿತ್ರ ಕೂಟಕ್ಕೆ ‘ಬ್ಲ್ಯಾಕೆಟ್ ಸರ್ಕಸ್’ ಎಂಬ ಅಡ್ಡಹೆಸರು ಬಿತ್ತು. ಹೊಸ ತೋಪು ವಿನ್ಯಾಸ ಮಾಡುವುದು ಅವರ ಕೆಲಸವಾಗಿರಲಿಲ್ಲ. ಇರುವ ತೋಪು, ಇರುವ ರಾಡಾರ್, ಇರುವ ಪ್ರಿಡಿಕ್ಟರ್‌ಗಳ ನಡುವೆ ಮಾಹಿತಿ ಎಲ್ಲಿ ಸೋರುತ್ತಿದೆ ಎಂದು ಅವರು ಹುಡುಕಿದರು.

ಸೋರಿಕೆ ಎಲ್ಲೆಡೆ ಇತ್ತು. ತೋಪುಗಳಿಗೆ ಬಂದ ಮೊದಲ ರಾಡಾರ್‌ಗಳು ವಿಮಾನದ ದೂರ, ದಿಕ್ಕು ಹೇಳುತ್ತಿದ್ದವೇ ಹೊರತು ಎಷ್ಟು ಎತ್ತರದ ಕೋನದಲ್ಲಿದೆ ಎಂದು ಹೇಳುತ್ತಿರಲಿಲ್ಲ. ಅದಕ್ಕೊಂದು ಜೋಡಣೆ ಮಾಡಿದಾಗ ಹೊಸ ತಕರಾರು ಎದ್ದಿತು: ನೆಲದ ಉಬ್ಬುತಗ್ಗುಗಳಿಂದ ರೇಡಿಯೊ ಅಲೆ ಅಡ್ಡಾದಿಡ್ಡಿ ಪ್ರತಿಫಲಿಸಿ ಕೋನ ತಪ್ಪಾಗುತ್ತಿತ್ತು. ಪರಿಹಾರವಾಗಿ ಪ್ರತಿ ರಾಡಾರ್ ಸುತ್ತಲೂ ನೂರು ಮೀಟರ್‌ಗೂ ಹೆಚ್ಚು ಅಗಲಕ್ಕೆ, ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯನ್ನು ಚಪ್ಪಟೆಯಾಗಿ ಹಾಸಿದರು. ದೇಶದಲ್ಲಿದ್ದ ಜಾಲರಿಯ ದಾಸ್ತಾನೆಲ್ಲ ಬಹುಪಾಲು ಇದಕ್ಕೇ ಹೋಯಿತು. ರಾಡಾರ್‌ಗಳು ತೋಪಿನ ನೆಲೆಗಳಷ್ಟು ಇಲ್ಲದ ಕಾರಣ ಚದುರಿದ್ದ ತೋಪುಗಳನ್ನು ರಾಡಾರ್ ಇರುವಲ್ಲಿಗೆ ಗುಂಪುಗೂಡಿಸಬೇಕೆಂದು ಬ್ಲ್ಯಾಕೆಟ್ ಸೂಚಿಸಿದರು. ನಡೆಸುವವರಿಗೆ ತರಬೇತಿಯೂ ಸಿಕ್ಕಿತು. 1941ರ ಬೇಸಿಗೆಯ ಹೊತ್ತಿಗೆ ಒಂದು ವಿಮಾನಕ್ಕೆ ಬೇಕಾಗುತ್ತಿದ್ದ ಶೆಲ್ 20,000ದಿಂದ 4,000ಕ್ಕೆ ಇಳಿದಿತ್ತು. ತೋಪು ಅದೇ, ಶೆಲ್ ಅದೇ. ಬದಲಾದದ್ದು ಅದರ ಹಿಂದಿನ ಅರಿವು.

ಬ್ಲ್ಯಾಕೆಟ್ ತಂಡ ಎದುರಿಸಿದ ಇನ್ನೊಂದು ಒಗಟು ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಅಂಕಿಗಳ ಪ್ರಕಾರ ಕರಾವಳಿಯ ತೋಪುಗಳು ಒಳನಾಡಿನ ತೋಪುಗಳಿಗಿಂತ ಅರ್ಧದಷ್ಟೇ ಶೆಲ್‌ಗಳಲ್ಲಿ ವಿಮಾನ ಕೆಡವುತ್ತಿದ್ದವು. ಸಮುದ್ರದ ಮೇಲೆ ರಾಡಾರ್ ಚೆನ್ನಾಗಿ ಕೆಲಸ ಮಾಡುತ್ತದೆಯೇ? ಶತ್ರು ವಿಮಾನಗಳು ಅಲ್ಲಿ ನೇರವಾಗಿ ಹಾರುತ್ತವೆಯೇ? ಹಲವು ವಿವರಣೆ ಪರೀಕ್ಷಿಸಿ ಸೋತ ಮೇಲೆ ಉತ್ತರ ಹೊಳೆಯಿತು. ಒಳನಾಡಿನಲ್ಲಿ ವಿಮಾನ ಬಿದ್ದಿತೆಂದರೆ ಅವಶೇಷ ತೋರಿಸಬೇಕು. ಸಮುದ್ರದ ಮೇಲೆ ಬಿದ್ದಿತೆಂದರೆ ತೋರಿಸುವುದು ಏನನ್ನು? ಕರಾವಳಿಯ ತೋಪುಗಾರರು ಸುಮಾರು ಎರಡು ಪಟ್ಟು ವಿಮಾನಗಳನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದರು. ಮೋಸದ ಉದ್ದೇಶವೇ ಇರಬೇಕೆಂದಿಲ್ಲ. ಹೊಗೆ ಬಿಡುತ್ತ ಮೋಡದೊಳಗೆ ಮರೆಯಾದ ವಿಮಾನ ಬಿದ್ದೇ ಹೋಯಿತೆಂದು ನಂಬುವುದು ಮನುಷ್ಯ ಸ್ವಭಾವ.

ಈ ಸ್ವಭಾವ ಆಕಾಶದಲ್ಲಿ ಹೋರಾಡಿದವರನ್ನೂ ಬಿಟ್ಟಿರಲಿಲ್ಲ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟನ್ ಘೋಷಿಸಿತು. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆ ತೆರೆದು ನೋಡಿದರೆ ಅಂದಿನ ನಷ್ಟ ಅರವತ್ತರ ಆಸುಪಾಸು. ಒಂದೇ ವಿಮಾನಕ್ಕೆ ಮೂವರು ಹೊಡೆದರೆ ಮೂವರೂ ತಮ್ಮದೆಂದೇ ಹೇಳುತ್ತಾರೆ. ಹಾಗಾಗಿ ಒಂದು ವಿಮಾನಕ್ಕೆ ಇಷ್ಟು ಗುಂಡು ಎಂಬ ಭಾಗಾಕಾರದಲ್ಲಿ ಮೇಲಿನ ಸಂಖ್ಯೆಯನ್ನು ನಂಬಬಹುದು, ಖಾಲಿ ಶೆಲ್ ಕವಚಗಳನ್ನು ಎಣಿಸಿದರೆ ಸಾಕು. ಅನುಮಾನವಿರುವುದು ಕೆಳಗಿನ ಸಂಖ್ಯೆಯಲ್ಲಿ.

ಕೆಳಗೆ ಸೊನ್ನೆಯೇ ಇದ್ದ ಉದಾಹರಣೆಯೂ ಉಂಟು. ಪರ್ಲ್ ಹಾರ್ಬರ್ ದಾಳಿಯಾಗಿ ಮೂರು ತಿಂಗಳೂ ಕಳೆದಿರಲಿಲ್ಲ. 1942ರ ಫೆಬ್ರುವರಿ 25ರ ನಸುಕಿನಲ್ಲಿ ಜಪಾನಿ ವಿಮಾನಗಳು ಬಂದವೆಂದು ಲಾಸ್ ಏಂಜಲೀಸ್ ನಗರದ ತೋಪುಗಳು 1,400ಕ್ಕೂ ಹೆಚ್ಚು ಶೆಲ್ ಹಾರಿಸಿದವು. ಒಂದೂ ವಿಮಾನ ಬೀಳಲಿಲ್ಲ, ಏಕೆಂದರೆ ಬಂದಿರಲೇ ಇಲ್ಲ. ಅಂದು ಆ ನಗರದ ಮೇಲೆ ತಾನು ವಿಮಾನ ಕಳಿಸಿರಲಿಲ್ಲ ಎಂದು ಜಪಾನ್ ಯುದ್ಧದ ನಂತರ ತಿಳಿಸಿತು. ಒಂದು ಸಿಡಿತದ ಹೊಗೆಯನ್ನು ಸರ್ಚ್‌ಲೈಟ್ ಬೆಳಕಲ್ಲಿ ಕಂಡು ಇನ್ನೊಬ್ಬರು ಅದಕ್ಕೇ ಹೊಡೆಯುವುದು, ಹೀಗೆ ಗುಂಡೇ ಗುರಿಯನ್ನು ಹುಟ್ಟಿಸುತ್ತ ಹೋಯಿತು.

ಜರ್ಮನಿಯ ಕಡೆ ಇದೇ ಲೆಕ್ಕ ತಿರುಗಾಮುರುಗಾ ನಡೆಯಿತು. ಅವರ 88 ಮಿಲಿಮೀಟರ್ ತೋಪು ಯುದ್ಧದ ಅತಿ ಹೆಸರಾಂತ ಆಯುಧಗಳಲ್ಲಿ ಒಂದು. ಆದರೆ 1944ರಲ್ಲಿ ಅದರ ಹಳೆಯ ಮಾದರಿ ಒಂದು ಬಾಂಬರ್ ಕೆಡವಲು ಸರಾಸರಿ 16,000 ಶೆಲ್ ತಿನ್ನುತ್ತಿತ್ತು. ಶೆಲ್‌ಗಳನ್ನು ಇನ್ನೂ ಎತ್ತರಕ್ಕೆ, ಇನ್ನೂ ಬೇಗ ಮುಟ್ಟಿಸುವ 128 ಮಿಲಿಮೀಟರ್ ತೋಪಿಗೆ 3,000 ಸಾಕಾಗುತ್ತಿತ್ತು. ಅಂಥ ತೋಪುಗಳು ಕೆಲವೇ ಇದ್ದವು. 88ರ ಲೆಕ್ಕ ಅಷ್ಟು ಹದಗೆಟ್ಟಿದ್ದಕ್ಕೆ ಕಾರಣ ಹುಡುಕಿದರೆ ಮತ್ತೆ ಮಾಹಿತಿಯ ಬಳಿಗೇ ಬರುತ್ತೇವೆ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ದಾಳಿ ಮಾಡಿದಾಗ ಬ್ರಿಟಿಷರು ಅಲ್ಯೂಮಿನಿಯಂ ಲೇಪದ ಕಾಗದದ ಪಟ್ಟಿಗಳನ್ನು ಕಂತೆಗಟ್ಟಲೆ ಉದುರಿಸಿದರು. ಜರ್ಮನ್ ರಾಡಾರ್ ಪರದೆಯ ತುಂಬ ಸುಳ್ಳು ವಿಮಾನಗಳು ಮಿನುಗಿದವು. ಆಮೇಲೆ ರೇಡಿಯೊ ಅಡಚಣೆಯ ಯಂತ್ರಗಳೂ ಸೇರಿಕೊಂಡವು. ಸಾವಿರಾರು ಶೆಲ್ ಹಾರಿಸಿದ ನಳಿಗೆಗಳು ಸವೆದು ಗುರಿ ಚದುರುತ್ತಿತ್ತು. ಪಳಗಿದ ತೋಪುಗಾರರನ್ನು ರಣರಂಗಕ್ಕೆ ಒಯ್ದು ಅವರ ಜಾಗಕ್ಕೆ ಹದಿನಾರರ ಆಸುಪಾಸಿನ ಶಾಲಾ ಹುಡುಗರನ್ನು, ಯುದ್ಧಕೈದಿಗಳನ್ನು ನಿಲ್ಲಿಸಿದ್ದರು. ಕಾಗದದ ಒಂದು ಪಟ್ಟಿ ಸಾವಿರಾರು ಟನ್ ಉಕ್ಕನ್ನು ವ್ಯರ್ಥ ಮಾಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗೆಂದು ಜರ್ಮನ್ ತೋಪುಗಳು ನಿಷ್ಪ್ರಯೋಜಕವಾಗಿದ್ದವೆಂದರೆ ಅದೂ ತಪ್ಪು. ಯುರೋಪಿನ ಆಕಾಶದಲ್ಲಿ ಅಮೆರಿಕದ ವಾಯುಪಡೆ ಶತ್ರು ಯುದ್ಧವಿಮಾನಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ವಿಮಾನ ಕಳೆದುಕೊಂಡರೆ, ತೋಪುಗಳಿಂದ ಕಳೆದುಕೊಂಡದ್ದು ಐದು ಸಾವಿರಕ್ಕೂ ಹೆಚ್ಚು. ಚೂರು ತಗುಲಿ ಗುಂಪಿನಿಂದ ಹಿಂದುಳಿದ ಬಾಂಬರನ್ನು ಯುದ್ಧವಿಮಾನ ಬಂದು ಮುಗಿಸಿದರೆ, ಆ ಬೇಟೆ ತೋಪಿನ ಖಾತೆಗೆ ಬರುತ್ತಲೇ ಇರಲಿಲ್ಲ. ಜರ್ಮನಿ ತೆತ್ತ ಬೆಲೆಯೂ ಸಣ್ಣದಲ್ಲ. ರಣರಂಗದಲ್ಲಿ ಟ್ಯಾಂಕುಗಳ ಎದುರು ನಿಲ್ಲಬೇಕಿದ್ದ ತೋಪು, ಮದ್ದು, ಲಕ್ಷಾಂತರ ಜನ ಊರೂರಿನ ಆಕಾಶ ಕಾಯುತ್ತ ಉಳಿದರು.

ಯುದ್ಧವಿಮಾನದ ಪೈಲಟ್ ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಿಡಿಸಬೇಕಿತ್ತು: ಹತ್ತಿರ ಹೋಗುವುದು. 1930ರ ದಶಕದಲ್ಲಿ ಬ್ರಿಟಿಷ್ ವಾಯುಪಡೆಯ ಲೆಕ್ಕಾಚಾರದಂತೆ ವೇಗದ ವಿಮಾನವೊಂದು ಗುರಿಯಲ್ಲಿ ನಿಲ್ಲುವುದು ಎರಡು ಸೆಕೆಂಡು ಮಾತ್ರ. ಅಷ್ಟರಲ್ಲಿ ಸುಮಾರು 250 ಗುಂಡು ಹೋಗಬೇಕು. ನಿಮಿಷಕ್ಕೆ ಸಾವಿರ ಗುಂಡು ಹಾರಿಸುವ ಮೆಷಿನ್‌ಗನ್ ಎಂಟು ಇದ್ದರೆ ಈ ಲೆಕ್ಕ ಕೂಡುತ್ತದೆ. ಸ್ಪಿಟ್‌ಫೈರ್, ಹರಿಕೇನ್‌ಗಳ ರೆಕ್ಕೆಯಲ್ಲಿ ಎಂಟೆಂಟು ಮೆಷಿನ್‌ಗನ್ ಬಂದದ್ದು ಹೀಗೆ. ಒಂದೊಂದಕ್ಕೂ ಮುನ್ನೂರು ಚಿಲ್ಲರೆ ಗುಂಡು. ಬಿಡದೆ ಒತ್ತಿದರೆ ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿಗೆ ಎಲ್ಲ ಖಾಲಿ. ಎಂಟರ ಗುಂಡುಗಳೂ ಸುಮಾರು 365 ಮೀಟರ್ ಮುಂದೆ ಒಂದೆಡೆ ಕೂಡುವಂತೆ ಮೊದಲು ಜೋಡಿಸಿದ್ದರು. ಯುದ್ಧದಲ್ಲಿ ಪಳಗಿದ ಪೈಲಟ್‌ಗಳು ಅದನ್ನು 230 ಮೀಟರ್‌ಗೆ ಎಳೆದು ತಂದರು. ದೂರ ಕಡಿಮೆಯಾದಷ್ಟೂ ಊಹೆ ಕಡಿಮೆ.

ದೊಡ್ಡ ಬಾಂಬರ್‌ನ ಎದುರು ಅದೂ ಸಾಲದು. ಅಮೆರಿಕದ ನಾಲ್ಕು ಎಂಜಿನ್ನಿನ ಬಿ-17 ಬೀಳಬೇಕಾದರೆ 20 ಮಿಲಿಮೀಟರಿನ ಸುಮಾರು ಇಪ್ಪತ್ತು ಗುಂಡು ತಾಗಬೇಕೆಂದು ಜರ್ಮನ್ನರು ಕಂಡುಕೊಂಡಿದ್ದರು. ಸಾಧಾರಣ ಪೈಲಟ್ ಹಾರಿಸಿದ ಗುಂಡುಗಳಲ್ಲಿ ತಾಗುತ್ತಿದ್ದದ್ದು ನೂರಕ್ಕೆ ಎರಡು. ಅಂದರೆ ಒಂದು ಬಾಂಬರ್‌ಗೆ ಸಾವಿರ ಗುಂಡು, ಒಂದು ಯುದ್ಧವಿಮಾನ ಹೊರಬಲ್ಲುದಕ್ಕಿಂತ ಹೆಚ್ಚು. ಹಾಗಾಗಿಯೇ ಮೂರು ನಾಲ್ಕು ಗುಂಡಿಗೇ ಬಾಂಬರ್ ಉರುಳಿಸುವ 30 ಮಿಲಿಮೀಟರ್ ತೋಪಿನ ಕಡೆಗೆ ಅವರು ಹೊರಳಿದರು. ಸರಾಸರಿ ಎಂಬುದು ಇಲ್ಲಿ ಇನ್ನೊಂದನ್ನೂ ಮುಚ್ಚಿಡುತ್ತದೆ. ಎರಡೂ ಕಡೆ ಹೆಚ್ಚಿನ ಪೈಲಟ್‌ಗಳು ಒಂದು ವಿಮಾನವನ್ನೂ ಕೆಡವಲಿಲ್ಲ. ಬೆರಳೆಣಿಕೆಯ ಕೆಲವರು, ತೀರಾ ಸಮೀಪಕ್ಕೆ ನುಗ್ಗಿ ಹೊಡೆಯುವವರು, ದೊಡ್ಡ ಪಾಲು ಕೆಡವಿದರು.

ತೋಪಿನ ಕಥೆಗೆ ನಿಜವಾದ ತಿರುವು ಸಿಕ್ಕಿದ್ದು ಅರಿವನ್ನು ನೆಲದಿಂದ ಶೆಲ್ಲಿನೊಳಕ್ಕೆ ಸಾಗಿಸಿದಾಗ. ಬ್ರಿಟನ್ನಿನಲ್ಲಿ ಹುಟ್ಟಿದ ಯೋಚನೆ 1940ರಲ್ಲಿ ಟಿಝರ್ಡ್ ಎಂಬ ಬ್ರಿಟಿಷ್ ವಿಜ್ಞಾನಿಯ ನಿಯೋಗದೊಂದಿಗೆ ಅಮೆರಿಕಕ್ಕೆ ಹೋಯಿತು. ಅಲ್ಲಿ ಮರ್ಲ್ ಟ್ಯೂವ್ ಎಂಬ ಭೌತವಿಜ್ಞಾನಿಯ ತಂಡ ಅದನ್ನು ವಸ್ತುವಾಗಿಸಿತು. ಶೆಲ್ಲಿನ ಮೂತಿಯಲ್ಲೊಂದು ಪುಟ್ಟ ರೇಡಿಯೊ. ಅದು ಅಲೆ ಹೊರಡಿಸುತ್ತ ಸಾಗುತ್ತದೆ. ವಿಮಾನ ಹತ್ತಿರವಾದಾಗ ಮರಳುವ ಅಲೆ ಬಲಗೊಳ್ಳುತ್ತದೆ, ತಕ್ಷಣ ಶೆಲ್ ಸಿಡಿಯುತ್ತದೆ. ತೋಪಿನಿಂದ ಹೊರಡುವಾಗ ಗುರುತ್ವದ 20,000 ಪಟ್ಟು ಆಘಾತವನ್ನು ಅದರ ಗಾಜಿನ ವಾಲ್ವ್‌ಗಳು ತಾಳಬೇಕಿತ್ತು. ಬ್ಯಾಟರಿಯ ದ್ರಾವಣವನ್ನು ಸಣ್ಣ ಗಾಜಿನ ಕುಪ್ಪಿಯಲ್ಲಿಟ್ಟಿದ್ದರು. ಹಾರಿಸಿದ ಏಟಿಗೆ ಕುಪ್ಪಿ ಒಡೆದು, ಶೆಲ್ ತಿರುಗುವ ರಭಸಕ್ಕೆ ದ್ರಾವಣ ಹರಡಿ, ಬ್ಯಾಟರಿಗೆ ಜೀವ ಬರುತ್ತಿತ್ತು. 1943ರ ಜನವರಿ 5ರಂದು ಪೆಸಿಫಿಕ್ ಸಾಗರದಲ್ಲಿ ಹೆಲೆನಾ ಎಂಬ ಅಮೆರಿಕನ್ ಯುದ್ಧನೌಕೆ ಈ ಸಾಮೀಪ್ಯ ಫ್ಯೂಜ್ ಬಳಸಿ ಜಪಾನಿ ಬಾಂಬರ್ ಒಂದನ್ನು ಉರುಳಿಸಿತು. 1942ರಲ್ಲಿ ಒಂದಕ್ಕೆ 732 ಡಾಲರ್ ಬೀಳುತ್ತಿದ್ದ ಫ್ಯೂಜ್ 1945ಕ್ಕೆ 18 ಡಾಲರ್‌ಗೆ ಇಳಿಯಿತು. ಯುದ್ಧ ಮುಗಿಯುವಷ್ಟರಲ್ಲಿ ಎರಡು ಕೋಟಿಗೂ ಹೆಚ್ಚು ತಯಾರಾಗಿದ್ದವು.

ಮೊದಲಿನ ಗಣಿತಕ್ಕೆ ಇದನ್ನು ಹಚ್ಚಿ ನೋಡಿ. ಎಷ್ಟು ಸೆಕೆಂಡಿಗೆ ಸಿಡಿಯಬೇಕು ಎಂಬ ಪ್ರಶ್ನೆಯೇ ಇಲ್ಲವಾದರೆ ಹುಡುಕಬೇಕಾದ ಘನ ಒಂದು ಚೌಕವಾಗಿ ಚಪ್ಪಟೆಯಾಗುತ್ತದೆ. ತಪ್ಪು ನೂರು ಮೀಟರ್ ಹಾಗೇ ಉಳಿದರೂ 1,900 ಶೆಲ್ ಮಾಡುವ ಕೆಲಸಕ್ಕೆ 130 ಸಾಕು.

1944ರ ಬೇಸಿಗೆಯಲ್ಲಿ ಈ ಫ್ಯೂಜ್ ಲಂಡನ್ನಿನ ನೆರವಿಗೆ ಬಂತು. ಜರ್ಮನಿ ಪೈಲಟ್ ಇಲ್ಲದ ವಿ-1 ಹಾರುಬಾಂಬುಗಳನ್ನು ಕಳಿಸುತ್ತಿತ್ತು. ಜುಲೈ ನಡುವಿನಲ್ಲಿ ತೋಪುಗಳನ್ನೆಲ್ಲ ಎತ್ತಿ ದಕ್ಷಿಣ ಕರಾವಳಿಗೆ ಸಾಗಿಸಿದರು. ಅಲ್ಲಿ ಮೂರು ಹೊಸ ವಸ್ತುಗಳು ಒಂದಾದವು: ವಿಮಾನವನ್ನು ತಾನೇ ಹಿಂಬಾಲಿಸುವ ಎಸ್‌ಸಿಆರ್-584 ರಾಡಾರ್, ವಿದ್ಯುತ್ತಿನಿಂದ ಲೆಕ್ಕ ಮಾಡುವ ಪ್ರಿಡಿಕ್ಟರ್, ಸಾಮೀಪ್ಯ ಫ್ಯೂಜ್. ಮೊದಲ ವಾರ ತೋಪುಗಳ ವ್ಯಾಪ್ತಿಗೆ ಬಂದ ಹಾರುಬಾಂಬುಗಳಲ್ಲಿ ನೂರಕ್ಕೆ 17 ಬಿದ್ದವು. ಕೊನೆಯ ವಾರದ ಹೊತ್ತಿಗೆ ನೂರಕ್ಕೆ 74. ಇದರಲ್ಲಿ ವಿ-1ರ ಪಾಲೂ ಇತ್ತೆನ್ನಬೇಕು. ಅದು ಹೊರಳುತ್ತಿರಲಿಲ್ಲ, ಹೆದರುತ್ತಿರಲಿಲ್ಲ. ಒಂದೇ ಎತ್ತರದಲ್ಲಿ ನೇರ ಬರುತ್ತಿತ್ತು. ಪ್ರಿಡಿಕ್ಟರ್ ನಂಬಿದ್ದ ಆದರ್ಶ ವಿಮಾನ ಕೊನೆಗೂ ಸಿಕ್ಕಿತ್ತು, ಅದರೊಳಗೆ ಮನುಷ್ಯನಿರಲಿಲ್ಲ.

ಈ ಕಥೆಗೆ ಭಾರತದ ನಂಟೂ ಇದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೆಹರೂ ಅವರು ರಕ್ಷಣಾ ವಿಜ್ಞಾನದ ಬಗ್ಗೆ ಸಲಹೆ ಕೇಳಿದ್ದು ಇದೇ ಬ್ಲ್ಯಾಕೆಟ್ ಅವರನ್ನು. ಯುದ್ಧದಲ್ಲಿ ಹೆಸರು ಮಾಡಿದ ಬೊಫೋರ್ಸ್ 40 ಮಿಲಿಮೀಟರ್ ತೋಪಿನ ಮುಂದಿನ ತಲೆಮಾರಾದ ಎಲ್-70 ಇಂದಿಗೂ ನಮ್ಮ ಸೇನೆಯಲ್ಲಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಬಿಇಎಲ್ ಅದಕ್ಕೆ ಹೊಸ ಕಣ್ಣು, ಹೊಸ ಲೆಕ್ಕಯಂತ್ರ ಜೋಡಿಸಿ ಆಧುನಿಕಗೊಳಿಸಿದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳು ಬಂದಾಗ ಸೇನೆ ಬಳಸಿದ ಆಯುಧಗಳಲ್ಲಿ ಎಲ್-70 ಕೂಡ ಒಂದು.

ಕ್ಷಿಪಣಿಗಳ ಕಾಲದಲ್ಲಿ ಹಳೆಯ ತೋಪು ಮರಳಿ ಬಂದದ್ದೇಕೆ? ಇಂದು ಒಂದು ಗುರಿಗೆ ಒಂದೆರಡು ಕ್ಷಿಪಣಿ ಸಾಕು. 20,000ದ ಕಾಲ ಹೋಯಿತು. ಆದರೆ ದಂಡ ಕಟ್ಟುವುದು ತಪ್ಪಿಲ್ಲ. ಅಂದು ಸಾವಿರಾರು ಶೆಲ್‌ಗಳಲ್ಲಿ ಹಂಚಿಹೋಗಿದ್ದ ಖರ್ಚು ಇಂದು ಒಂದೇ ಕ್ಷಿಪಣಿಯ ತಲೆಯೊಳಗಿನ ರಾಡಾರ್, ಕಂಪ್ಯೂಟರುಗಳಲ್ಲಿ ಕೂತಿದೆ. ಅಮೆರಿಕದ ಪೇಟ್ರಿಯಟ್‌ನ ಹೊಸ ಕ್ಷಿಪಣಿ ಒಂದಕ್ಕೆ ಹಲವು ದಶಲಕ್ಷ ಡಾಲರ್. ಅದು ಹೊಡೆಯಬೇಕಾದ ಡ್ರೋನ್‌ಗೆ ಕೆಲವು ಹತ್ತು ಸಾವಿರ ಡಾಲರ್. ಗುಂಡಿನ ಲೆಕ್ಕದಲ್ಲಿ ಗೆದ್ದವನು ಹಣದ ಲೆಕ್ಕದಲ್ಲಿ ಸೋಲಬಹುದು. ಅಗ್ಗದ ಗುಂಡಿಗೆ ಒಳ್ಳೆಯ ರಾಡಾರ್ ಜೋಡಿಸಿದರೆ ಆ ಸೋಲು ಸ್ವಲ್ಪ ತಪ್ಪುತ್ತದೆ.

ಇನ್ನು ಮುಂದೆ ಯಾವುದೇ ಯುದ್ಧದಲ್ಲಿ ಇಷ್ಟು ವಿಮಾನ, ಇಷ್ಟು ಡ್ರೋನ್ ಉರುಳಿಸಿದೆವು ಎಂಬ ಪ್ರಕಟಣೆ ಬಂದರೆ ಮೂರು ಪ್ರಶ್ನೆ ಕೇಳಬಹುದು. ಬಿದ್ದದ್ದನ್ನು ಎಣಿಸಿದವರು ಯಾರು, ಅವಶೇಷ ಕಂಡಿದೆಯೇ? ಕೆಡವಲು ತೆತ್ತದ್ದೆಷ್ಟು, ಬಿದ್ದದ್ದರ ಬೆಲೆಯೆಷ್ಟು? ಬೀಳದೆ ಹಿಂದಿರುಗಿದವು ಅಥವಾ ಗುರಿ ತಪ್ಪಿದವು ಎಷ್ಟು? ಬ್ಲ್ಯಾಕೆಟ್ ತಂಡದ ಹನ್ನೊಂದು ಮಂದಿ ಹೊಸ ಆಯುಧವನ್ನೇನೂ ಕೊಡದೆ ಐದರಲ್ಲಿ ನಾಲ್ಕು ಶೆಲ್ ಉಳಿಸಲು ನೆರವಾದದ್ದು, ಇಂಥ ಪ್ರಶ್ನೆಗಳನ್ನು ತಮ್ಮದೇ ಪಡೆಯ ಅಂಕಿಗಳ ಮೇಲೂ ಹಾಕುವ ಧೈರ್ಯವಿದ್ದುದರಿಂದ.